ಟ್ಯಾಬ್ ಅಪ್‌ಡೇಟ್ ಮಾಡುವುದಾ, ಹಳೆಯ ವರ್ಷನ್‌ಗೆ ಹೋಗುವುದಾ? ಬಟನ್ ಒತ್ತುವ ಮೊದಲು ಇಷ್ಟು ನೋಡಿ

ಜೂನ್ ಕೊನೆಗೆ ಪೆರ್ಲದಿಂದ ಭಾವ ಫೋನ್ ಮಾಡಿದರು. ಹೊರಗೆ ಜೋರು ಮಳೆ, ಅರ್ಧ ಮಾತು ಕೇಳುತ್ತಿರಲಿಲ್ಲ. "ಮಗಳ ಟ್ಯಾಬ್ ಅಪ್‌ಡೇಟ್ ಆದ ಮೇಲೆ ಏನಕ್ಕೂ ಆಗದ ಹಾಗೆ ಆಗಿದೆ ಮಾರಾಯ. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯಲ್ಲಿ ಕೇಳಿದೆ. ಹಳೆಯ ವರ್ಷನ್ ಹಾಕಿ ಕೊಡ್ತೇವೆ, 800 ರೂಪಾಯಿ ಅಂದರು. ಕೊಡ್ಲಾ?"

"ಬೇಡ ಭಾವ, ಈಗಲೇ ಕೊಡಬೇಡಿ. ಭಾನುವಾರ ನಾನೇ ಬರ್ತೇನೆ" ಎಂದೆ.

ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಪಾಠಪುಸ್ತಕದ ಪಿಡಿಎಫ್, ಅವಳೇ ಬರೆದಿಟ್ಟ ನೋಟ್ಸ್, ಕೇರಳದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನ ಪಾಠದ ವಿಡಿಯೊ ಎಲ್ಲ ಅದರಲ್ಲೇ ಇದೆ. ರಾತ್ರಿ ಊಟ ಆದ ಮೇಲೆ ಅದೇ ಟ್ಯಾಬ್‌ನಲ್ಲಿ ಅಜ್ಜ ಯಕ್ಷಗಾನ ನೋಡುತ್ತಾರೆ. ಒಂದೇ ಟ್ಯಾಬ್, ಇಡೀ ಮನೆಗೆ. ಹಾಗಾಗಿ ಅದನ್ನು ಒಂದು ಪ್ರಯೋಗಕ್ಕೆ ಕೊಡುವುದು ನನಗೆ ಸರಿ ಕಾಣಲಿಲ್ಲ.

ನನ್ನ ಅನುಭವದಲ್ಲಿ ಈ ವಿಷಯದಲ್ಲಿ ಜನ ತಪ್ಪುವುದು ಒಂದೇ ಕಡೆ. ಅಪ್‌ಡೇಟ್ ಮಾಡಿ ನೋಡೋಣ, ಸರಿ ಆಗದಿದ್ದರೆ ಹಿಂದೆ ಹೋಗೋಣ ಎಂದುಕೊಳ್ಳುತ್ತಾರೆ. ಹೆಚ್ಚಿನ ಟ್ಯಾಬ್‌ಗಳಲ್ಲಿ ಹಿಂದೆ ಹೋಗುವ ದಾರಿಯೇ ಇಲ್ಲ, ಇದ್ದರೂ ಒಳಗಿರುವುದೆಲ್ಲ ಅಳಿಸಿ ಹೋಗುತ್ತದೆ. ಆದ್ದರಿಂದ ಹಿಂದಿನ ದಾರಿ ಇದೆಯಾ ಎಂಬುದನ್ನು ಅಪ್‌ಡೇಟ್‌ಗೆ ಮೊದಲೇ ನೋಡಬೇಕು, ತೊಂದರೆ ಬಂದ ಮೇಲೆ ಅಲ್ಲ.

ಮೊದಲು, ಬಂದಿರುವುದು ಯಾವ ಅಪ್‌ಡೇಟ್ ಎಂದು ಓದಿ. ಎಲ್ಲ ಅಪ್‌ಡೇಟ್ ಒಂದೇ ತರಹ ಅಲ್ಲ. ಸೆಕ್ಯುರಿಟಿ ಪ್ಯಾಚ್ ಎಂದು ಬರುವುದು ಸಾಮಾನ್ಯವಾಗಿ ಚಿಕ್ಕದು, ಕೆಲವು ನೂರು ಎಂಬಿ. ಅದು ಕಳ್ಳರು ನುಗ್ಗುವ ತೂತುಗಳನ್ನು ಮುಚ್ಚುತ್ತದೆ, ಟ್ಯಾಬ್‌ನ ರೂಪ ಬದಲಾಯಿಸುವುದಿಲ್ಲ. ಇದನ್ನು ಹಾಕಿಕೊಳ್ಳಿ, ಜಾಸ್ತಿ ಯೋಚನೆ ಬೇಡ. ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಎಂದು ಇನ್ನೊಂದು ಇದೆ, 2019ರ ಆಂಡ್ರಾಯ್ಡ್ 10ರಿಂದ ಶುರುವಾದದ್ದು. ಅದರಲ್ಲೂ ಹೆದರುವಂಥದ್ದು ಇಲ್ಲ. ಯೋಚಿಸಬೇಕಾದದ್ದು ಮೂರನೆಯದಕ್ಕೆ: ಆಂಡ್ರಾಯ್ಡ್ 13 ಇದ್ದದ್ದು 14 ಆಗುವುದು, ಐಪ್ಯಾಡ್‌ಓಎಸ್ 18 ಇದ್ದದ್ದು 26 ಆಗುವುದು. (ಆಪಲ್ 2025ರಲ್ಲಿ 18ರಿಂದ ನೇರ 26ಕ್ಕೆ ಹಾರಿತು, ನಡುವೆ ಯಾವುದೂ ನಿಮಗೆ ತಪ್ಪಿ ಹೋಗಿಲ್ಲ.) ಇದು ಸಾಮಾನ್ಯವಾಗಿ 1 ಜಿಬಿಗಿಂತ ಜಾಸ್ತಿ ಇರುತ್ತದೆ, ಸಿಸ್ಟಮ್ ಪೂರ್ತಿ ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಟ್ಯಾಬ್ಲೆಟ್ ತೆರೆದು ಈಗಿನ ಆಂಡ್ರಾಯ್ಡ್ ವರ್ಷನ್, ಸೆಕ್ಯುರಿಟಿ ಪ್ಯಾಚ್ ತಾರೀಕು, ಬಿಲ್ಡ್ ನಂಬರ್ ಮೂರನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಇದು ಮುಂದೆ ಬೇಕಾಗುತ್ತದೆ.

ಇನ್ನು, ವರ್ಷನ್ ಏರಿಸುವುದು ಯಾವಾಗ ಸರಿ? ಮನೆಯಲ್ಲಿ ಬೇಕಾದ ಆ್ಯಪ್ ಓಡದೆ ಇದ್ದಾಗ, ಅಥವಾ ಹಳೆಯ ವರ್ಷನ್‌ಗೆ ಸೆಕ್ಯುರಿಟಿ ಪ್ಯಾಚ್ ಬರುವುದು ನಿಂತಾಗ. ಆ್ಯಪ್‌ಗಳು ಹಳೆಯ ವರ್ಷನ್‌ಗಳನ್ನು ಒಂದೊಂದಾಗಿ ಬಿಡುತ್ತಾ ಬರುತ್ತವೆ. ಕ್ರೋಮ್ ಬ್ರೌಸರನ್ನೇ ನೋಡಿ. 2025ರ ಆಗಸ್ಟ್‌ನಲ್ಲಿ ಬಂದ 139ನೇ ವರ್ಷನ್‌ನಿಂದ ಅದಕ್ಕೆ ಆಂಡ್ರಾಯ್ಡ್ 10 ಬೇಕು. 8 ಅಥವಾ 9 ಇರುವ ಟ್ಯಾಬ್‌ನಲ್ಲಿ ಕ್ರೋಮ್ 138ಕ್ಕೇ ನಿಂತಿದೆ. ಪುಟ ತೆರೆಯುತ್ತದೆ, ಆದರೆ ಬ್ರೌಸರಿನ ಹೊಸ ತೂತುಗಳನ್ನು ಮುಚ್ಚುವವರಿಲ್ಲ. ಅಂಥ ಟ್ಯಾಬ್‌ಗೆ ಕಂಪನಿಯಿಂದ 10 ಬಂದಿದ್ದರೆ ಏರಿಸಿ. ಅದರಲ್ಲಿ ಬ್ಯಾಂಕ್ ಕೆಲಸ, ಯುಪಿಐ ಏನಾದರೂ ಮಾಡುತ್ತೀರಾದರೆ ತಡ ಮಾಡಲೇ ಬೇಡಿ.

ಯಾವಾಗ ತಡೆಯಬೇಕು? ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ನಲ್ಲಿ, ಹಾಗಾಗಿ ಜನವರಿಯಿಂದ ಆಚೆಗೆ ಮಕ್ಕಳು ಓದುವ ಟ್ಯಾಬ್‌ನಲ್ಲಿ ವರ್ಷನ್ ಏರಿಸುವುದು ಬೇಡ. ಹೊಸ ವರ್ಷನ್ ಬಂದ ಮೊದಲ ವಾರ ಬೇಡ. ಒಂದೆರಡು ತಿಂಗಳು ಬಿಟ್ಟರೆ ಮೊದಲ ತಪ್ಪುಗಳನ್ನು ತಿದ್ದಿದ ಅಪ್‌ಡೇಟ್ ಬಂದಿರುತ್ತದೆ. ರ್‍ಯಾಮ್ 2 ಅಥವಾ 3 ಜಿಬಿ ಮಾತ್ರ ಇದ್ದರೆ ಇನ್ನೂ ಜಾಗ್ರತೆ. ನಾನು ತುಂಬಾ ಗಮನ ಕೊಡುವ ಇನ್ನೊಂದು ಸಂಗತಿ ಇದೆ, ಹೆಚ್ಚಿನವರು ಇದನ್ನು ನೋಡುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಟ್ಯಾಬ್‌ಗಳಿಗೆ ಕಂಪನಿ ಒಂದೋ ಎರಡೋ ವರ್ಷನ್ ಮಾತ್ರ ಕೊಡುತ್ತದೆ. ನಿಮಗೆ ಬಂದಿರುವುದು ಆ ಕೊನೆಯದ್ದೇ ಆದರೆ, ಅದರಲ್ಲಿ ತಪ್ಪು ಉಳಿದರೂ ತಿದ್ದಲು ಇನ್ನೊಂದು ದೊಡ್ಡ ವರ್ಷನ್ ಬರುವುದಿಲ್ಲ. ಚಿಕ್ಕ ಪ್ಯಾಚ್ ಬಂದರೆ ಬಂತು. ಹಾಗಿರುವಾಗ ಅದೇ ಮಾಡೆಲ್ ಇರುವ ಯಾರಾದರೂ ಮೊದಲೇ ಏರಿಸಿದ್ದರೆ ಅವರನ್ನು ಕೇಳಿ, ಆಮೇಲೆ ಒತ್ತಿ. ಸೆಕ್ಯುರಿಟಿ ಪ್ಯಾಚ್ ಇನ್ನೂ ಹಳೆಯ ವರ್ಷನ್‌ಗೇ ಬರುತ್ತಿದ್ದರೆ ಕಾಯುವುದರಲ್ಲಿ ನಷ್ಟ ಇಲ್ಲ.

ಶಾಲೆಯವರು ಕೊಟ್ಟ ಟ್ಯಾಬ್ ಆದರೆ ಕೈ ಹಾಕಬೇಡಿ. ಅದನ್ನು ಅವರು ದೂರದಿಂದಲೇ ನಿರ್ವಹಿಸುತ್ತಿರಬಹುದು. ಕೇಳಿ ಮಾಡಿ.

ಈಗ ಬ್ಯಾಕಪ್. ಇಲ್ಲಿ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ನಾನು ಕಳೆದುಕೊಂಡದ್ದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಟ್ಯಾಬ್ ಅಪ್‌ಡೇಟ್ ಆದ ಮೇಲೆ ನಿಧಾನ ಆಯಿತು. ನಾನೇ ಒಂದು ರಾತ್ರಿ ಕೂತು ಹಳೆಯ ವರ್ಷನ್‌ನ ಫೈಲ್ ಇಳಿಸಿ ಹಾಕಿದೆ. ಫೋಟೊ, ಆಡಿಯೊ ಎಲ್ಲ ಮೆಮೊರಿ ಕಾರ್ಡ್‌ನಲ್ಲಿ ಇದೆ, ಕಾರ್ಡ್‌ಗೆ ಏನೂ ಆಗುವುದಿಲ್ಲ ಎಂದು ಧೈರ್ಯ. ಹಳೆಯ ವರ್ಷನ್ ಬಂತು, ಟ್ಯಾಬ್ ಚುರುಕಾಯಿತು. ಕಾರ್ಡ್ ಮಾತ್ರ ತೆರೆಯಲಿಲ್ಲ. ಆ ಕಾರ್ಡನ್ನು ಮೊದಲ ಬಾರಿ ಹಾಕಿದಾಗ "ಇಂಟರ್ನಲ್ ಸ್ಟೋರೇಜ್ ಆಗಿ ಬಳಸಿ" ಎಂಬುದನ್ನು ಒತ್ತಿದ್ದೆ. ಹಾಗೆ ಮಾಡಿದರೆ ಆಂಡ್ರಾಯ್ಡ್ ಆ ಕಾರ್ಡಿಗೆ ಬೀಗ ಹಾಕುತ್ತದೆ, ಬೀಗದ ಕೀ ಟ್ಯಾಬ್‌ನ ಒಳಗೆ ಇರುತ್ತದೆ. ಹಳೆಯ ವರ್ಷನ್ ಹಾಕುವಾಗ ಟ್ಯಾಬ್‌ನ ಒಳಗಿದ್ದದ್ದೆಲ್ಲ ಅಳಿಸಿತು, ಕೀಯೂ ಹೋಯಿತು. ಅದರಲ್ಲಿ ಅಪ್ಪ ಅರ್ಥ ಹೇಳಿದ ತಾಳಮದ್ದಳೆಯ ರೆಕಾರ್ಡಿಂಗ್ ಇತ್ತು. ಅಪ್ಪ ಈಗ ಇಲ್ಲ. ಬೇರೆ ಪ್ರತಿಯೂ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ನಿಮ್ಮ ಕಾರ್ಡ್ ಪೋರ್ಟೆಬಲ್ (ತೆಗೆದು ಬೇರೆ ಕಡೆಯೂ ಓದಬಹುದಾದದ್ದು) ಆಗಿದೆಯಾ, ಇಂಟರ್ನಲ್ ಆಗಿದೆಯಾ ಎಂದು ಇವತ್ತೇ ನೋಡಿ. ಇಂಟರ್ನಲ್ ಆಗಿದ್ದರೆ ಅದರಲ್ಲಿರುವುದನ್ನು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ತೆಗೆಯುವವರೆಗೆ ರೀಸೆಟ್ (ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು), ರೋಲ್‌ಬ್ಯಾಕ್ (ಹಳೆಯ ವರ್ಷನ್‌ಗೆ ಹಿಂದೆ ಹೋಗುವುದು) ಯಾವುದೂ ಬೇಡ. ಪೋರ್ಟೆಬಲ್ ಆಗಿದ್ದರೆ ಕಾರ್ಡನ್ನು ಹೊರಗೆ ತೆಗೆದಿಟ್ಟು ಕೆಲಸ ಶುರು ಮಾಡಿ.

ಗೂಗಲ್ ಅಕೌಂಟಿಗೆ ಬ್ಯಾಕಪ್ ಆಗಿದೆ ಎಂದರೆ ಎಲ್ಲವೂ ಆಗಿದೆ ಎಂದರ್ಥ ಅಲ್ಲ. ಕಾಂಟ್ಯಾಕ್ಟ್ ಬರುತ್ತದೆ, ಆನ್ ಮಾಡಿಟ್ಟಿದ್ದರೆ ಫೋಟೊ ಬರುತ್ತದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇರುವ ಪಿಡಿಎಫ್, ವಾಯ್ಸ್ ರೆಕಾರ್ಡರಿನ ಫೈಲು, ನೋಟ್ಸ್ ಆ್ಯಪ್‌ನಲ್ಲಿ ಪೆನ್ನಿನಿಂದ ಬರೆದದ್ದು ಇವು ಸಾಮಾನ್ಯವಾಗಿ ತಾವಾಗಿ ಬರುವುದಿಲ್ಲ. ಇವನ್ನು ಕೈಯಿಂದಲೇ ನಕಲು ಮಾಡಬೇಕು. ನಕಲು ಮಾಡಿದ ಮೇಲೆ ಎರಡು ಮೂರು ಫೈಲ್ ಬೇರೆ ಕಡೆ ತೆರೆದು ನೋಡಿ.

ಮತ್ತೆ ಪಾಸ್‌ವರ್ಡ್. ನಮ್ಮ ಕಡೆ ಇದು ದೊಡ್ಡ ತಲೆನೋವು. ಟ್ಯಾಬ್ ತಂದವರು ಗಲ್ಫ್‌ನಲ್ಲಿರುವ ಚಿಕ್ಕಪ್ಪ, ಅಕೌಂಟ್ ಮಾಡಿ ಕೊಟ್ಟವರು ಇನ್ಯಾರೋ, ಆ ಜಿಮೇಲ್ ಯಾವುದು ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆಂಡ್ರಾಯ್ಡ್ 5.1ರಿಂದ ಒಂದು ಕಾವಲು ಇದೆ. ರಿಕವರಿ ಮೆನುವಿನಿಂದ (ಟ್ಯಾಬ್ ಆಫ್ ಮಾಡಿ ಬಟನ್ ಒತ್ತಿ ಹಿಡಿದಾಗ ಬರುವ ರಿಪೇರಿ ಮೆನು) ರೀಸೆಟ್ ಮಾಡಿದರೆ, ತಿರುಗಿ ಆನ್ ಆದಾಗ ಹಿಂದೆ ಇದ್ದ ಗೂಗಲ್ ಅಕೌಂಟೇ ಬೇಕು ಎಂದು ಕೇಳುತ್ತದೆ. ಕದ್ದ ಟ್ಯಾಬ್ ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಮಾಡಿದ್ದು, ಒಳ್ಳೆಯದೇ. ಆದರೆ ಪಾಸ್‌ವರ್ಡ್ ಮರೆತ ಮನೆಯವರನ್ನೂ ಅದು ಹೊರಗೇ ನಿಲ್ಲಿಸುತ್ತದೆ. ಹಾಗಾಗಿ ರೀಸೆಟ್‌ಗೆ ಮೊದಲು ಅದೇ ಅಕೌಂಟಿನಿಂದ ಬೇರೆ ಫೋನಿನಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ. ಐಪ್ಯಾಡ್‌ನಲ್ಲಿ ಆಪಲ್ ಅಕೌಂಟಿಗೂ ಇದೇ ಮಾತು.

ಚಾರ್ಜ್ ಅರ್ಧಕ್ಕಿಂತ ಮೇಲಿರಲಿ, ಚಾರ್ಜರ್ ಹಾಕಿಯೇ ಇಡಿ. ಡೌನ್‌ಲೋಡ್ ವೈಫೈಯಲ್ಲಿ ಮಾಡಿ, ಮಳೆಗೆ ಸಿಗ್ನಲ್ ಹೋಗಿ ಬಂದು ಆಗುವಾಗ ಮೊಬೈಲ್ ಡೇಟಾದಲ್ಲಿ ಬೇಡ. ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಹಾಕುವುದಾದರೆ ಬ್ಯಾಟರಿ ಇರುವ ಲ್ಯಾಪ್‌ಟಾಪೇ ಆಗಬೇಕು. ತುಲಾ ತಿಂಗಳ ಸಂಜೆಯ ಸಿಡಿಲು, ಕರೆಂಟು ನಮಗೆ ಗೊತ್ತಿರುವುದೇ ಅಲ್ವಾ, ಅರ್ಧದಲ್ಲಿ ಕಂಪ್ಯೂಟರ್ ಆಫ್ ಆದರೆ ಟ್ಯಾಬ್ ಏಳದೆ ಹೋಗಬಹುದು.

ಇನ್ನು ಅಪ್‌ಡೇಟ್ ಆಗಿಬಿಟ್ಟಿದೆ, ಟ್ಯಾಬ್ ನಿಧಾನ ಆಗಿದೆ ಎನ್ನುವವರಿಗೆ. ಮೊದಲ ಎರಡು ಮೂರು ದಿನ ಏನೂ ಮಾಡಬೇಡಿ. ಹೊಸ ವರ್ಷನ್ ಬಂದ ಮೇಲೆ ಟ್ಯಾಬ್ ಒಳಗೊಳಗೇ ಎಲ್ಲ ಆ್ಯಪ್‌ಗಳನ್ನು ಹೊಸದಕ್ಕೆ ಹೊಂದಿಸುತ್ತಿರುತ್ತದೆ, ಫೋಟೊಗಳನ್ನು ಮತ್ತೆ ಪಟ್ಟಿ ಮಾಡುತ್ತಿರುತ್ತದೆ. ಬಿಸಿಯೂ ಆಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಸುಮ್ನೆ ಬಿಟ್ಟರೆ ಈ ಕೆಲಸ ಬೇಗ ಮುಗಿಯುತ್ತದೆ.

ಆಮೇಲೂ ಸರಿ ಆಗದಿದ್ದರೆ ಸ್ಟೋರೇಜ್ ನೋಡಿ. ಭಾವನ ಮನೆಯಲ್ಲಿ ನಾನು ಮೊದಲು ತೆರೆದದ್ದೇ ಅದು. 32 ಜಿಬಿಯ ಟ್ಯಾಬ್‌ನಲ್ಲಿ ಉಳಿದದ್ದು 1 ಜಿಬಿ ಮಾತ್ರ. ಅಜ್ಜನಿಗೆ ಬೇಕೆಂದು ಇಳಿಸಿಟ್ಟ ಇಡೀ ರಾತ್ರಿಯ ಯಕ್ಷಗಾನ ಆಟಗಳು ಅದರಲ್ಲಿ ತುಂಬಿದ್ದವು, ಒಂದೊಂದು ವಿಡಿಯೊ ಗಂಟೆಗಟ್ಟಲೆ. ಹೊಸ ಸಿಸ್ಟಮ್ ಮೊದಲಿಗಿಂತ ಜಾಸ್ತಿ ಜಾಗ ತೆಗೆದುಕೊಂಡಿತು, ಉಳಿದ ಜಾಗ ಮುಗಿಯಿತು, ಟ್ಯಾಬ್ ಏದುಸಿರು ಬಿಡಲು ಶುರು ಮಾಡಿತು. ಅಂಗಳ ತುಂಬ ಅಡಕೆ ಹರಡಿರುವಾಗ ಇನ್ನೊಂದು ಬುಟ್ಟಿ ತಂದರೆ ಏನಾಗುತ್ತದೆ? ಒಣಗಿದ್ದನ್ನು ಒಂದು ಕಡೆ ಸರಿಸಿ ಜಾಗ ಮಾಡದೆ ಹೊಸದನ್ನು ಸುರಿಯಲು ಆಗುವುದಿಲ್ಲ. ಟ್ಯಾಬ್‌ನ ಮೆಮೊರಿಯೂ ತುಂಬಿದಾಗ ಪ್ರತಿ ಸಲ ಹೀಗೆ ಸರಿಸಿ ಸರಿಸಿ ಬರೆಯಬೇಕಾಗುತ್ತದೆ. ಅದಕ್ಕೇ ಎಲ್ಲವೂ ತಡ. ಒಟ್ಟು ಜಾಗದ ಐದರಲ್ಲಿ ಒಂದು ಪಾಲು ಖಾಲಿ ಇರಲಿ, ಇದು ನಾನು ಪಾಲಿಸುವ ಲೆಕ್ಕ.

ಆಟಗಳನ್ನೆಲ್ಲ ಒಂದು ಕಾರ್ಡಿಗೆ, ಈ ಸಲ ಪೋರ್ಟೆಬಲ್ ಆಗಿಯೇ, ಹಾಕಿದೆ. 9 ಜಿಬಿ ಖಾಲಿ ಆಯಿತು. ಪ್ಲೇ ಸ್ಟೋರಿನಲ್ಲಿ ಎಲ್ಲ ಆ್ಯಪ್‌ಗಳನ್ನು ಹೊಸದು ಮಾಡಿದೆ. ಹೊಸ ಸಿಸ್ಟಮ್‌ನಲ್ಲಿ ಹಳೆಯ ಆ್ಯಪ್ ಓಡಿದರೆ ಎಷ್ಟೋ ಸಲ ತೊಂದರೆ ಅಲ್ಲಿಂದಲೇ ಬರುತ್ತದೆ. ಆಮೇಲೆ ಟ್ಯಾಬ್ ಆಫ್ ಮಾಡಿ ರಿಕವರಿ ಮೆನುವಿಗೆ ಹೋಗಿ ಕ್ಯಾಶ್ (ಸಿಸ್ಟಮ್ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳು) ಮಾತ್ರ ಅಳಿಸಿದೆ. ಅದಕ್ಕೆ ಹೆಚ್ಚಾಗಿ ಪವರ್ ಮತ್ತು ವಾಲ್ಯೂಮ್ ಅಪ್ ಒಟ್ಟಿಗೆ ಒತ್ತಿ ಹಿಡಿಯಬೇಕು, ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ಆ ಮೆನುವಿನಲ್ಲಿ "ವೈಪ್ ಕ್ಯಾಶ್ ಪಾರ್ಟಿಷನ್" ಮತ್ತು "ವೈಪ್ ಡೇಟಾ" ಹತ್ತಿರ ಹತ್ತಿರ ಇರುತ್ತವೆ. ಎರಡನೆಯದು ಎಲ್ಲವನ್ನೂ ಅಳಿಸುತ್ತದೆ, ನಿಧಾನ ಓದಿ ಒತ್ತಿ. ಕ್ಯಾಶ್ ಅಳಿಸುವ ಸಾಲು ಕೆಲವು ಹೊಸ ಟ್ಯಾಬ್‌ಗಳಲ್ಲಿ ಇರುವುದೇ ಇಲ್ಲ, ಆಗ ಹುಡುಕುತ್ತಾ ಕೂರಬೇಡಿ.

ಒಂದೇ ಆ್ಯಪ್ ತೊಂದರೆ ಕೊಡುತ್ತಿದೆ ಎಂಬ ಅನುಮಾನ ಇದ್ದರೆ ಸೇಫ್ ಮೋಡ್‌ನಲ್ಲಿ ಆನ್ ಮಾಡಿ ನೋಡಿ. ಆಗ ನೀವು ಹಾಕಿದ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ಟ್ಯಾಬ್ ಚುರುಕಾಗಿದ್ದರೆ ಸಿಸ್ಟಮ್‌ನ ತಪ್ಪಿಲ್ಲ, ವರ್ಷನ್ ಬದಲಾಯಿಸಿ ಪ್ರಯೋಜನವೂ ಇಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ, ಬ್ಯಾಕಪ್ ಇದ್ದರೆ, ಫ್ಯಾಕ್ಟರಿ ರೀಸೆಟ್. ರೀಸೆಟ್ ಮಾಡಿದರೆ ಟ್ಯಾಬ್ ಕೊಂಡಾಗ ಇದ್ದ ವರ್ಷನ್ ಬರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ಅಪ್‌ಡೇಟ್ ಆದ ಮೇಲೆ ಟ್ಯಾಬ್‌ನ ಸಿಸ್ಟಮ್ ಹೊಸದೇ, ರೀಸೆಟ್ ಅದನ್ನು ಮುಟ್ಟುವುದಿಲ್ಲ. ರೀಸೆಟ್ ಅಳಿಸುವುದು ನಿಮ್ಮ ಡೇಟಾವನ್ನು ಮಾತ್ರ. ಆದರೂ ಹೊಸ ವರ್ಷನ್ ಶುಚಿಯಾಗಿ ಶುರುವಾಗುವುದರಿಂದ ಎಷ್ಟೋ ಸಲ ಸರಿಯಾಗುತ್ತದೆ. ರೋಲ್‌ಬ್ಯಾಕ್‌ನಲ್ಲೂ ಡೇಟಾ ಹೇಗೂ ಹೋಗುತ್ತದೆ. ಹಾಗಾಗಿ ಮೊದಲು ರೀಸೆಟ್ ಮಾಡಿ ನೋಡುವುದೇ ಲಾಭ.

ಕೊನೆಗೆ ರೋಲ್‌ಬ್ಯಾಕ್. ಐಪ್ಯಾಡ್ ಆದರೆ ಲೆಕ್ಕ ಸುಲಭ. ಹಾಕುವ ಪ್ರತಿ ವರ್ಷನ್‌ಗೂ ಆಪಲ್‌ನ ಸರ್ವರ್ ಸಹಿ ಹಾಕಬೇಕು. ಹೊಸದು ಬಂದು ಒಂದೆರಡು ವಾರದಲ್ಲಿ ಹಳೆಯದಕ್ಕೆ ಸಹಿ ಹಾಕುವುದನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಆಮೇಲೆ ಯಾವ ಅಂಗಡಿಯವರು ಏನು ಹೇಳಿದರೂ ಆಗುವುದಿಲ್ಲ, ದುಡ್ಡು ಕೊಡಬೇಡಿ. ಆ ಒಂದೆರಡು ವಾರದ ಒಳಗೆ ಇದ್ದರೂ, ಹೊಸ ವರ್ಷನ್‌ನಲ್ಲಿ ತೆಗೆದ ಬ್ಯಾಕಪ್ ಹಳೆಯದಕ್ಕೆ ಹಿಡಿಯುವುದಿಲ್ಲ. ಏರಿಸುವ ಮೊದಲೇ ಕಂಪ್ಯೂಟರಿಗೆ ತೆಗೆದಿಟ್ಟ ಬ್ಯಾಕಪ್ ಬೇಕು. 2019ರ ಏಳನೇ ತಲೆಮಾರಿನ ಐಪ್ಯಾಡ್ ಇದ್ದವರಿಗೆ ಈ ಪ್ರಶ್ನೆಯೇ ಇಲ್ಲ, ಅದಕ್ಕೆ 26 ಬರುವುದಿಲ್ಲ. ವಿಂಡೋಸ್ ಟ್ಯಾಬ್ ಮಾತ್ರ ಇದರಲ್ಲಿ ಉದಾರಿ: 10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ಹಳೆಯದು ನಿಮ್ಮ ಫೈಲ್ ಸಮೇತ ಬರುತ್ತದೆ. ಡಿಸ್ಕ್ ಕ್ಲೀನಪ್ ಮಾಡಿ ಹಳೆಯ ಫೋಲ್ಡರ್ ಅಳಿಸಿದ್ದರೆ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಕಂಪನಿಯಿಂದ ಕಂಪನಿಗೆ ಬೇರೆ. ಆಂಡ್ರಾಯ್ಡ್ 8ರಿಂದ ಹಿಂದೆ ಹೋಗದಂತೆ ತಡೆಯುವ ಏರ್ಪಾಟು ಸಿಸ್ಟಮ್‌ನಲ್ಲೇ ಬಂತು. ಸ್ಯಾಮ್‌ಸಂಗ್‌ನಲ್ಲಿ ಇದನ್ನು ನೀವೇ ನೋಡಬಹುದು. ಆಗ ಬರೆದುಕೊಂಡ ಬಿಲ್ಡ್ ನಂಬರಿನಲ್ಲಿ ಕೊನೆಯಿಂದ ಐದನೆಯದು ಬೂಟ್‌ಲೋಡರಿನ (ಟ್ಯಾಬ್ ಆನ್ ಆಗುವಾಗ ಮೊದಲು ಓಡಿ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮ್) ಅಂಕೆ. ಈಗ ಅದು 4 ಇದ್ದು ನೀವು ಹಾಕಬೇಕೆಂದಿರುವ ಫೈಲಿನಲ್ಲೂ 4 ಇದ್ದರೆ ದಾರಿ ತೆರೆದಿದೆ. ಫೈಲಿನಲ್ಲಿ 3 ಇದ್ದರೆ ಟ್ಯಾಬ್ ಅದನ್ನು ತೆಗೆದುಕೊಳ್ಳುವುದಿಲ್ಲ. ಈ ಕಾವಲು ಇರುವ ಬೇರೆ ಕೆಲವು ಕಂಪನಿಗಳ ಟ್ಯಾಬ್‌ಗಳಲ್ಲಿ ಒತ್ತಾಯದಿಂದ ಹಾಕಿದರೆ ಟ್ಯಾಬ್ ಸತ್ತೇ ಹೋಗಬಹುದು.

ಗಲ್ಫ್‌ನಿಂದ ಬಂದ ಟ್ಯಾಬ್‌ಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೊಂದು ಇವೆ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಭಾರತದ ಸಾಫ್ಟ್‌ವೇರಿಗೆ ಐಎನ್ಎಸ್ ಎಂಬ ಗುರುತು, ಯುಎಇಯದ್ದಕ್ಕೆ ಎಕ್ಸ್‌ಎಸ್‌ಜಿ. ಸಾಫ್ಟ್‌ವೇರ್ ಇನ್ಫಾರ್ಮೇಶನ್ ಪುಟದಲ್ಲಿ ಅದು ಕಾಣುತ್ತದೆ. ದುಬೈಯ ಟ್ಯಾಬ್‌ಗೆ ಅದರದ್ದೇ ಗುರುತಿನ ಫೈಲ್ ಹುಡುಕಿ. ಮಾಡೆಲ್ ನಂಬರ್ ಅಂತೂ ಅಕ್ಷರಕ್ಕೆ ಅಕ್ಷರ ಸರಿ ಇರಬೇಕು, ವೈಫೈ ಟ್ಯಾಬ್‌ನದ್ದು ಸಿಮ್ ಹಾಕುವ ಟ್ಯಾಬ್‌ಗೆ ಆಗುವುದಿಲ್ಲ.

ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಹಳೆಯದನ್ನೋ ಕಂಪನಿಯದ್ದಲ್ಲದ ಬೇರೆ ಸಿಸ್ಟಮನ್ನೋ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ. ಬ್ಯಾಂಕ್ ಆ್ಯಪ್ ಓಡುತ್ತದಾ? ಸಿನಿಮಾ ಆ್ಯಪ್‌ಗಳಲ್ಲಿ ಎಚ್‌ಡಿ ಬರುತ್ತದಾ? ವಾರಂಟಿ ಉಳಿಯುತ್ತದಾ? ಹಲವು ಟ್ಯಾಬ್‌ಗಳಲ್ಲಿ ಮೂರಕ್ಕೂ ಇಲ್ಲ ಎಂದೇ ಉತ್ತರ. ಸ್ಯಾಮ್‌ಸಂಗ್‌ನಲ್ಲಿ ಕಂಪನಿಯದ್ದಲ್ಲದ ಸಾಫ್ಟ್‌ವೇರ್ ಹಾಕಿದರೆ ಒಳಗೆ ನಾಕ್ಸ್ ಎಂಬ ಗುರುತು ಶಾಶ್ವತವಾಗಿ ಬದಲಾಗುತ್ತದೆ, ಮೂಲ ಸಾಫ್ಟ್‌ವೇರ್ ತಿರುಗಿ ಹಾಕಿದರೂ ಅದು ಮೊದಲಿನಂತೆ ಆಗುವುದಿಲ್ಲ. ಆದರೆ ಕಂಪನಿ ಪೂರ್ತಿ ಕೈಬಿಟ್ಟ, ವಾರಂಟಿ ಮುಗಿದ, ಸುಮ್ಮನೆ ಕಪಾಟಿನಲ್ಲಿ ಕೂತ ಟ್ಯಾಬ್ ಇದ್ದರೆ ಲಿನೇಜ್‌ಓಎಸ್ (ಆಸಕ್ತರು ಸೇರಿ ಮಾಡಿದ ಉಚಿತ ಆಂಡ್ರಾಯ್ಡ್) ಹಾಕಿ ಕಲಿಯಿರಿ, ಅದಕ್ಕೆ ನಾನು ಬೇಡ ಎನ್ನುವುದಿಲ್ಲ.

ಇನ್ನೊಂದು ಮಾತು. ಹಳೆಯದಕ್ಕೆ ಹೋದರೆ ಹಳೆಯ ತೂತುಗಳೂ ತಿರುಗಿ ಬರುತ್ತವೆ. ಗೂಗಲ್ 2015ರ ಆಗಸ್ಟ್‌ನಿಂದ ತಿಂಗಳು ತಿಂಗಳು ಮುಚ್ಚಿದ ತೂತುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಕೊಡುತ್ತದೆ. ಅಂದರೆ ನೀವು ಹಿಂದಕ್ಕೆ ಹಾಕಿದ ವರ್ಷನ್‌ನಲ್ಲಿ ಎಲ್ಲಿ ನುಗ್ಗಬಹುದು ಎಂಬುದು ಬರೆದಿಟ್ಟ ಹಾಗೆ. ಯಕ್ಷಗಾನ ಮಾತ್ರ ನೋಡುವ ಟ್ಯಾಬ್‌ಗೆ ಇದು ದೊಡ್ಡದಲ್ಲ. ದುಡ್ಡಿನ ವ್ಯವಹಾರ ಇರುವ ಟ್ಯಾಬ್‌ಗೆ ದೊಡ್ಡದು. ಹೊಸ ವರ್ಷನ್‌ನಲ್ಲಿ ಸ್ಕ್ರೀನ್, ಪೆನ್, ವೈಫೈ ಥರದ್ದು ಕೆಲಸವೇ ಮಾಡುತ್ತಿಲ್ಲ, ರೀಸೆಟ್‌ಗೂ ಸರಿ ಹೋಗಿಲ್ಲ, ದಾರಿಯೂ ತೆರೆದಿದೆ, ಹೀಗೆ ಮೂರೂ ಸೇರಿದರೆ ಮಾತ್ರ ನಾನು ರೋಲ್‌ಬ್ಯಾಕ್ ಮಾಡುತ್ತೇನೆ. ಐಕಾನ್ ಚಂದ ಇಲ್ಲ, ಮೆನು ಬದಲಾಗಿದೆ ಎಂಬುದಕ್ಕೆ ಮಾಡುವುದಿಲ್ಲ.

ಪೆರ್ಲದ ಟ್ಯಾಬ್ ಈಗ ಹೊಸ ವರ್ಷನ್‌ನಲ್ಲೇ ಇದೆ. ಮೊದಲಿನಷ್ಟೇ ಚುರುಕಾ ಎಂದರೆ ಇಲ್ಲ, ದೊಡ್ಡ ಪಿಡಿಎಫ್ ತೆರೆಯುವಾಗ ಒಂದು ಕ್ಷಣ ಜಾಸ್ತಿ ಹಿಡಿಯುತ್ತದೆ. ಅವಳಿಗೆ ಅದು ಸಾಕು. ಕನ್ನಡ ಕೀಬೋರ್ಡ್ ಕಾಣುತ್ತಿಲ್ಲ ಎಂದಳು, ಅಪ್‌ಡೇಟ್‌ನಲ್ಲಿ ಕಂಪನಿಯ ಕೀಬೋರ್ಡ್ ಮುಂದೆ ಬಂದು ಕೂತಿತ್ತು, ಸೆಟ್ಟಿಂಗ್ಸ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡನ್ನು ತಿರುಗಿ ಆರಿಸಿದೆ. ಆಮೇಲೆ ಡೆವಲಪರ್ ಆಪ್ಷನ್ಸ್ ತೆರೆದು ಆಟೊಮ್ಯಾಟಿಕ್ ಸಿಸ್ಟಮ್ ಅಪ್‌ಡೇಟ್ಸ್ ಆಫ್ ಮಾಡಿದೆ. ಅದಕ್ಕೆ ಮೊದಲು ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಬೇಕು. ಐಪ್ಯಾಡ್‌ನಲ್ಲಿ ಇದು ಜನರಲ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಒಳಗೆ ಸಿಗುತ್ತದೆ. ಸೆಕ್ಯುರಿಟಿ ಪ್ಯಾಚ್ ಬಂದಿದೆಯಾ ಎಂದು ತಿಂಗಳಿಗೊಮ್ಮೆ ಅವಳೇ ನೋಡಿ ಹಾಕುತ್ತಾಳೆ. ದೊಡ್ಡ ವರ್ಷನ್ ಬಂದರೆ ಪರೀಕ್ಷೆ ಮುಗಿದ ಮೇಲೆ ನನಗೆ ಫೋನ್ ಮಾಡಬೇಕು ಎಂದು ಹೇಳಿ ಬಂದಿದ್ದೇನೆ.